ಎಡ ಸುತ್ತಿನ ಗಂಟು

ರಾತ್ರಿ ಬಹಳ ಹೊತ್ತಾದ ಮೇಲೆ ಅಡುಗೆಮನೆಯಲ್ಲಿ ಟಿಣ್ ಎಂದಿತು. ಸ್ಟೀಲ್ ತಟ್ಟೆಯ ಮೇಲೆ ಗುಂಡುಸೂಜಿಯಂಥದೇನೋ ಬಿದ್ದ ಸದ್ದು, ಅಷ್ಟೇ. ಅವಳು ಕಣ್ಣು ತೆರೆಯಲಿಲ್ಲ. ಪಕ್ಕದಲ್ಲಿ ಗಂಡ ಇಲ್ಲವೆಂಬುದು ತಣ್ಣಗಾದ ಹಾಸಿಗೆಯಿಂದಲೇ ತಿಳಿದಿತ್ತು. ಕೊಂಚ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಟಿಣ್. ಪ್ರತಿ ಸಲವೂ ಸದ್ದಿನ ಹಿಂದೆಯೇ ಕುರ್ಚಿ ಕಿರುಗುಟ್ಟುತ್ತಿತ್ತು, ಬಿದ್ದುದನ್ನು ಹೆಕ್ಕಲು ಅವನು ಬಾಗುತ್ತಿರಬೇಕು. ಎಣಿಸಬಾರದು ಎಂದುಕೊಂಡೇ ಎಣಿಸಿದಳು. ಏಳು. ಎಂಟನೆಯದಕ್ಕೆ ಕಾಯುತ್ತಿದ್ದಾಗ ದೀಪ ಆರಿತು, ಬರಿಗಾಲಿನ ಹೆಜ್ಜೆಗಳು ಬಂದವು, ಮಂಚ ಒಂದು ಬದಿಗೆ ತಗ್ಗಿತು. ಅವನು ಬಲಗೈಯನ್ನು ದಿಂಬಿನ ಕೆಳಗೆ ತುರುಕಿ, ತಲೆಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಮಲಗಿದ, ಹಟ ಮಾಡುವ ಮಗುವನ್ನು ಅದುಮಿ ಮಲಗಿಸುವ ಹಾಗೆ. ಅವಳು ನಿದ್ದೆ ಹೋದವಳಂತೆ ಉಸಿರಾಡಿದಳು. ಈಚೆಗೆ ಅದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಬೆಳಿಗ್ಗೆ ಐದಕ್ಕೆ ಎದ್ದು ಮೊದಲು ಕಸದ ಬುಟ್ಟಿ ನೋಡಿದಳು. ಕಾಗದದ ಚೂರಿನಲ್ಲಿ ಮಡಿಸಿ ತರಕಾರಿ ಸಿಪ್ಪೆಯ ಅಡಿಗೆ ತಳ್ಳಿದ್ದ ಮೀನಿಗೆ ಹುಸಿ ಎರೆಯಾಗಿ ಹಾಕುವ ಮೂರು ರಬ್ಬರ್ ಸಿಗಡಿಗಳು. ಒಂದೊಂದೂ ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಸಿಗಡಿಯ ಮೈ, ಏಡಿಯ ಕೈ. ಕೆಸರುಹಸಿರು ಮೈಯ ಮೇಲೆ ಕರಿ ಚುಕ್ಕೆಗಳು. ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತುವಷ್ಟು ಮೆತ್ತಗೆ, ಮೂಸಿದರೆ ಸೋಂಪಿನ ವಾಸನೆ. ಬಾಯಿಗೆ ಹಾಕಿಕೊಂಡ ಮೀನು ಇದು ಹುಸಿ ಎಂದು ಗೊತ್ತಾಗಿ ತಕ್ಷಣ ಉಗುಳದಿರಲಿ ಎಂದು ಮಾಡುವವರು ಸೇರಿಸುವ ವಾಸನೆ. ಒಂದರ ಹೊಟ್ಟೆ ಉದ್ದಕ್ಕೂ ಸೀಳಿಹೋಗಿತ್ತು. ಇನ್ನೊಂದರ ಪಕ್ಕೆಯಲ್ಲಿ ಐದಾರು ತೂತು. ಮೂರನೆಯದಕ್ಕೆ ಒಂದು ಕೈಯೇ ಇರಲಿಲ್ಲ. ಅವಳು ಮೂರನ್ನೂ ಮತ್ತೆ ಅದೇ ಕಾಗದದಲ್ಲಿ, ಅವನು ಮಡಿಸಿದ್ದ ಗೆರೆಗಳಲ್ಲೇ ಮಡಿಸಿ, ಸಿಪ್ಪೆಯ ಅಡಿಗೆ ಇಟ್ಟಳು. ಆಮೇಲೆ ಮೇಜಿನ ದೀಪ ಹಾಕಿಕೊಂಡು ಕೂತು ಎಂಟು ಸಿಗಡಿಗಳಿಗೆ ಗಾಳ ಸಿಕ್ಕಿಸಿ, ಗಾಳದ ಕಣ್ಣಿಗೆ ತುಂಡು ದಾರ ಬಿಗಿದಳು.

ಗಾಳ ಬಾಲದಿಂದ ಒಳಗೆ ಹೋಗಬೇಕು. ಸಿಗಡಿ ಹೆದರಿದಾಗ ಹಿಂದಕ್ಕೆ ಓಡುತ್ತದೆ, ಹೆದರಿಸಿದವರ ಮೇಲಿಂದ ಕಣ್ಣು ಕೀಳದೆ; ಹಾಗಾಗಿ ದಾರ ಎಳೆದಾಗ ಬಾಲ ಮುಂದಾಗಿ ಬರಬೇಕು. ಮೊನೆಯನ್ನು ಬಾಲದ ನಟ್ಟನಡುವೆ ಚುಚ್ಚಿ, ಮೈಯನ್ನು ಕಾಲುಚೀಲದಂತೆ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಬೆನ್ನಿನಲ್ಲಿ ಹೊರಗೆ ತೆಗೆಯಬೇಕು. ಗಾಳದ ಕುತ್ತಿಗೆಗೆ ಅಂಟಿದ ಸಾಸಿವೆಗಿಂತ ತುಸು ದೊಡ್ಡ ಸೀಸದ ಗುಂಡು ಬಾಲಕ್ಕೆ ಒತ್ತಿ ಕೂರಬೇಕು. ಕೂದಲೆಳೆಯಷ್ಟು ವಾರೆಯಾದರೂ ನೀರಿನೊಳಗೆ ಅದು ಗಿರಗಿರ ತಿರುಗುತ್ತದೆ, ತಿರುಗುವ ಸಿಗಡಿಯನ್ನು ಯಾವ ಮೀನೂ ನಂಬುವುದಿಲ್ಲ. ಇದನ್ನೆಲ್ಲ ಹೇಳಿಕೊಟ್ಟವನು ಅವನೇ. ಮದುವೆಯಾದ ವರ್ಷ, ಇನ್ನೊಂದು ಮನೆಯ ಇನ್ನೊಂದು ಮೇಜಿನ ಮುಂದೆ, ಅವಳ ಬೆರಳುಗಳನ್ನು ತನ್ನ ಬೆರಳಲ್ಲಿ ಹಿಡಿದು, 'ಒತ್ತಬೇಡ, ಅದೇ ಹೋಗುತ್ತೆ, ದಾರಿ ಮಾತ್ರ ತೋರಿಸು' ಎಂದಿದ್ದ. ಅವಳದು ಎಡಗೈ ಎಂದು ನಕ್ಕಿದ್ದ. ಆಗ ಆ ಬೆರಳುಗಳು ಎಷ್ಟು ನಿಶ್ಚಲವಾಗಿದ್ದವೆಂದರೆ ಅವುಗಳೊಳಗೆ ರಕ್ತ ಓಡುವುದೇ ಇಲ್ಲವೇನೋ ಅನ್ನಿಸಿ ಅವಳಿಗೆ ಒಂದು ಕ್ಷಣ ಭಯವಾಗಿತ್ತು.

ಐದು ತಿಂಗಳ ಹಿಂದೆ ಒಂದು ದಿನ ಅವನು, 'ಕನ್ನಡಕ ಬದಲಾಯಿಸಬೇಕು ಅನ್ಸುತ್ತೆ. ಇವತ್ತೊಂದಿನ ನೀನೇ ಕಟ್ಟಿಬಿಡು' ಎಂದ. ಅವಳು ಕಟ್ಟಿದಳು. ಮುಂದಿನ ವಾರ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೇಜಿನ ಮೇಲೆ ಸಿಗಡಿ, ಗಾಳ, ದಾರ ಇಟ್ಟು ಅವನು ಸ್ನಾನಕ್ಕೆ ಹೋದ, ಬರುವಷ್ಟರಲ್ಲಿ ಎಲ್ಲ ಆಗಿತ್ತು. ಕನ್ನಡಕ ಬದಲಾಗಲಿಲ್ಲ. ಆ ಶುರುವಿನ ದಿನಗಳಲ್ಲೇ ಅವಳು ಉಳಿದ ಆರು ಸಿಗಡಿಗಳನ್ನು ಅವನ ಕಣ್ಣಿಗೆ ಬೀಳದಿರಲೆಂದು ತನ್ನ ಬಾಚಣಿಗೆಯ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮರೆತಿದ್ದಳು. ಮೂರು ವಾರ ಬಿಟ್ಟು ತೆರೆದರೆ ಆರೂ ಕರಗಿ ಒಂದಾಗಿದ್ದವು. ಪೆಟ್ಟಿಗೆಯ ತಳ ಹುಣ್ಣಿನಂತೆ ಉಬ್ಬಿ, ಆ ಮುದ್ದೆಯಿಂದ ಹನ್ನೆರಡು ಕೈಗಳು ಎಲ್ಲ ದಿಕ್ಕಿಗೂ ಚಾಚಿದ್ದವು. ಕೆಲವು ಪ್ಲಾಸ್ಟಿಕ್ಕುಗಳನ್ನು ಒಟ್ಟಿಗಿಟ್ಟರೆ ಒಂದನ್ನೊಂದು ತಿಂದುಹಾಕುತ್ತವೆ ಎಂದು ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಪೆಟ್ಟಿಗೆಯನ್ನು ಕಾಗದದಲ್ಲಿ ಸುತ್ತಿ, ಕಚೇರಿಗೆ ಹೋಗುವ ದಾರಿಯ ತೊಟ್ಟಿಗೆ ಹಾಕಿದ್ದಳು. ಮನೆಯಲ್ಲಿ ಇಬ್ಬರೂ ಹೀಗೆ ಕಾಗದದಲ್ಲಿ ಏನನ್ನಾದರೂ ಸುತ್ತಿ ಎಸೆಯುತ್ತಿದ್ದೇವೆ ಎಂದು ಅವಳಿಗೆ ಈಗ ಹೊಳೆಯಿತು.

ಅವನು ಉಕ್ಕಿನ ಅಂಗಳದಲ್ಲಿ ಕ್ರೇನ್ ನಡೆಸುವವನು. ನಾಲ್ಕು ಮಾಳಿಗೆ ಎತ್ತರದ ಗಾಜಿನ ಗೂಡಿನಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದಾನೆ. ಎಡಗೈಯ ಹಿಡಿ ಅತ್ತಿತ್ತ ತಿರುಗಿಸಲು, ಬಲಗೈಯ ಹಿಡಿ ಎತ್ತಲು, ಇಳಿಸಲು. ಬಲಗೈ ಬೆರಳಗಲ ಸರಿದರೆ ಕೆಳಗೆ ಎಂಟು ಟನ್ ತೊಲೆ ಆಳುದ್ದ ಸರಿಯುತ್ತದೆ. ಒಮ್ಮೆ ಅವಳು, ಪಾತ್ರೆ ಒರೆಸುತ್ತ, ಗೋಡೆಗೆ ಹೇಳುವ ಹಾಗೆ, 'ಕೆಳಗಡೆ ಕೆಲಸ ಏನಾದ್ರೂ ಕೊಡ್ತಾರಾ, ಕೇಳಿದ್ರೆ' ಎಂದಿದ್ದಳು. ಅವನು, 'ಕೆಳಗಿಳಿದು ನಾನು ಏನು ಮಾಡ್ಲಿ? ನಾನು ಕೆಳಗೆ ನಿಂತಿದ್ದನ್ನ ಅಲ್ಲಿ ಯಾರೂ ನೋಡಿಯೇ ಇಲ್ಲ' ಎಂದ. ಆಮೇಲೆ ಎರಡು ದಿನ ಮಾತಾಡಲಿಲ್ಲ. ಔಷಧದ ಡಬ್ಬಿಯೊಳಗೆ ಮಡಿಸಿಡುವ ಮಾಹಿತಿ ಚೀಟಿಗಳ ಕರಡು ತಿದ್ದುವುದು ಅವಳ ಕೆಲಸ. ಅಲ್ಲಿ ಪದಗಳಿಗೆಲ್ಲ ಲೆಕ್ಕವಿದೆ. 'ಸಾಮಾನ್ಯವಾಗಿ ಕೈ ನಡುಗಬಹುದು' ಎಂದರೆ ನೂರರಲ್ಲಿ ಒಬ್ಬರಿಗಾದರೂ. 'ಅಪರೂಪವಾಗಿ' ಎಂದರೆ ಸಾವಿರಕ್ಕೆ ಒಬ್ಬರೂ ಇಲ್ಲ. ಅಪರೂಪವಾಗಿ, ಎಂದು ಅವಳು ರಾತ್ರಿ ತನಗೆ ತಾನೇ ಹೇಳಿಕೊಳ್ಳುವಳು. ಆದರೆ ಕ್ರೇನು ದಿನಕ್ಕೆ ಅರವತ್ತು ಸಲ ಎತ್ತಿ ಇಳಿಸುತ್ತದೆ. ತಿಂಗಳಿಗೆ ಸಾವಿರದೈನೂರು. ಅಷ್ಟು ಸಲ ಕೈಹಾಕಿದರೆ ಅಪರೂಪವೂ ಒಂದು ದಿನ ಕೈಗೆ ಸಿಗುತ್ತದೆ.

ಆರಕ್ಕೆ ಬೀದಿಯಲ್ಲಿ ಉದ್ದನೆಯ ಶಿಳ್ಳೆ ಕೇಳಿತು. ಕ್ರೇನಿನ ಕೆಳಗೆ ನಿಂತು, ತೊಲೆಗೆ ಸರಪಳಿ ಬಿಗಿದು, ಶಿಳ್ಳೆ ಹಾಕಿ ಮೇಲಿನವನಿಗೆ ಎತ್ತು, ನಿಲ್ಲು, ಇಳಿಸು ಎಂದು ಸನ್ನೆ ಮಾಡುವವನು. ಅಂಗಳದಲ್ಲಿ ಎಲ್ಲರಿಗೂ ಅವನು ಶಿಳ್ಳೆಯೇ. ಹೆಂಡತಿಯೂ ಹಾಗೇ ಕರೆಯುತ್ತಾಳೆಂದು ಅವನೇ ಹೇಳಿಕೊಂಡು ನಗುತ್ತಾನೆ. ವಯಸ್ಸು ಐವತ್ತು ದಾಟಿದೆ; ಹಳೆಯ ವ್ಯಾನಿಗೆ ಹಾರ್ನ್ ಇದ್ದರೂ ಬೆರಳನ್ನೇ ಬಾಯಿಗಿಡುತ್ತಾನೆ. ಪ್ರತಿ ಭಾನುವಾರ ಮೂವರೂ ಊರಾಚೆ ನೀರು ತುಂಬಿದ ಹಳೆಯ ಕಲ್ಲುಗಣಿಗೆ ಗಾಳ ಹಾಕಲು ಹೋಗುತ್ತಾರೆ. ಮೊದಲೆಲ್ಲ ಅವರಿಬ್ಬರೇ ಹೋಗುತ್ತಿದ್ದರು. ಐದು ತಿಂಗಳಿಂದ ಅವಳೂ.

'ತಂಗೀ, ಇವತ್ತು ಗುರು ನನಗೆ ವಿದ್ಯೆ ಹೇಳಿಕೊಡೋ ದಿನ' ಎಂದ ಶಿಳ್ಳೆ, ವ್ಯಾನು ತಿರುಗಿಸುತ್ತ. 'ಸಿಗಡಿ ಹೇಗೆ ಸಿಕ್ಕಿಸ್ತಾನೆ ಅಂತ ನನ್ನ ಕಣ್ಣೆದುರು ತೋರಿಸ್ಬೇಕು. ಹೋದ ವಾರ ಮಾತು ಕೊಟ್ಟಿದ್ದಾನೆ.'

'ಕಟ್ಟಿದ್ದೇ ಎಂಟಿದೆಯಲ್ಲ' ಎಂದ ಗಂಡ ಕಿಟಕಿಯ ಕಡೆ ನೋಡುತ್ತ.

'ಎಂಟೂ ಕಲ್ಲಿಗೆ ಕೊಟ್ಟು ಕಳ್ಕೋತೀನಿ. ಆಮೇಲೆ ಕಲಿಸ್ತೀಯಾ?'

'ನಿನಗೆ ಕಲಿಸೋ ಬದಲು ಮೀನಿಗೇ ಕಲಿಸಬಹುದು.'

'ನೋಡಮ್ಮಾ, ಹೆಂಗೆ ಮಾತಾಡ್ತಾನೆ. ದಿನಾ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ನನ್ನ ತಲೆ ಮೇಲೆ ಕೂತಿರ್ತಾನಲ್ಲ, ಭಾನುವಾರವೂ ಇಳಿಯಲ್ಲ ಅಂತಾನೆ.'

ಹಿಂದಿನ ಸೀಟಿನಲ್ಲಿ ಅವಳು ನಕ್ಕಳು. ಎದುರಿಗೆ ಶಿಳ್ಳೆಯ ಕತ್ತಿನ ಹಿಂಭಾಗ ಕಾಣುತ್ತಿತ್ತು. ಬಿಸಿಲಿಗೆ ಕರಕಲಾದ ಚರ್ಮ, ಆಳವಾದ ಎರಡು ಮಡಿಕೆ, ಕ್ಷೌರದವನು ಅವಸರದಲ್ಲಿ ಬಿಟ್ಟ ನಾಲ್ಕಾರು ಬಿಳಿಗೂದಲು. ಮೇಲಿನಿಂದ ನೋಡುವವನಿಗೆ ಕಾಣುವುದು ಇಷ್ಟೇ ಎಂದು ಅವಳು ಯೋಚಿಸಿದಳು, ಒಂದು ಹಳದಿ ಟೋಪಿ ಮತ್ತು ಇಷ್ಟೇ ಇಷ್ಟು ಕತ್ತು. ನೋಟ ಕಿತ್ತು ತನ್ನ ಮಡಿಲಿನಲ್ಲಿದ್ದ ತಗಡಿನ ಡಬ್ಬಿಯ ಮೇಲೆ ಇಟ್ಟಳು.

ಗಣಿಯ ಅಂಚಿನಲ್ಲಿ ಬರೀ ಬಂಡೆ. ಒಂದು ಹುಲ್ಲುಕಡ್ಡಿ ಹಿಡಿಯುವಷ್ಟು ಮಣ್ಣಿಲ್ಲ. ಮೂರು ಕಡೆ ಕಲ್ಲು ಕಡಿದ ನೇರ ಗೋಡೆಗಳು ಇಳಿದು ನೀರಿನೊಳಗೂ ಹಾಗೇ ಇಳಿದುಹೋಗಿದ್ದವು. ನೀರು ಹಸಿರಾಗಿರಲಿಲ್ಲ, ನೀಲಿಯಾಗಿರಲಿಲ್ಲ. ಮುಚ್ಚಿದ ಕಣ್ಣಿನೊಳಗಿನ ಬಣ್ಣದ್ದಾಗಿತ್ತು. ತಳದಲ್ಲಿ ಕಲ್ಲು ಒಡೆಯುವ ಯಂತ್ರವೊಂದು ಇನ್ನೂ ಇದೆಯಂತೆ, ನೀರು ನುಗ್ಗಿದಾಗ ಮೇಲೆತ್ತಲು ಆಗಲಿಲ್ಲವಂತೆ. ಗಂಡ ಬಂಡೆಯ ಮೇಲೆ ಕೂತು ಕೋಲಿನ ಬುಡವನ್ನು ಮೊಣಕಾಲಿಗೆ ಒತ್ತಿಕೊಂಡ. ಈಗೀಗ ಹಾಗೆಯೇ ಹಿಡಿಯುತ್ತಾನೆ. ಸಿಗಡಿ ಪುಳಕ್ಕನೆ ಮುಳುಗಿತು. ದಾರ ಸಡಿಲವಾಗುವವರೆಗೆ ಕಾಯಬೇಕು. ಸಡಿಲವಾಯಿತೆಂದರೆ ತಳ ಮುಟ್ಟಿತೆಂದು ಅರ್ಥ. ಸೀಸದ ಭಾರಕ್ಕೆ ಬಾಲ ಕೆಳಗಾಗಿ, ಅಲ್ಲಿ ಕತ್ತಲಲ್ಲಿ ಅದು ಎರಡೂ ಕೈ ಮೇಲೆತ್ತಿ ನಿಲ್ಲುತ್ತದೆ. ಒಂದು ಗೇಣು ಎಳೆದು ಬಿಡಬೇಕು. ಮತ್ತೆ ಕಾಯಬೇಕು. ಕೈ ಎತ್ತಿ ನಿಂತದ್ದನ್ನು ನುಂಗುವುದು ಮೀನಿಗೆ ಯಾಕಷ್ಟು ಇಷ್ಟವೋ. ಶಿಳ್ಳೆಯೂ ಅಂಗಳದಲ್ಲಿ ಹೀಗೇ ಎರಡು ಕೈ ಎತ್ತಿ ನಿಲ್ಲುವುದನ್ನು ಅವಳು ಒಮ್ಮೆ ಗೇಟಿನಿಂದ ಕಂಡಿದ್ದಳು. ಅವನ ತಲೆಯಿಂದ ಮೇಲಕ್ಕೆ, ಆಕಾಶದವರೆಗೆ, ಕ್ರೇನಿನ ತಂತಿ ಒಂದು ಗೆರೆಯಾಗಿ ಹೋಗಿತ್ತು. ಬೇಡ, ಎಂದುಕೊಂಡಳು. ಅದನ್ನು ಈಗ ನೆನೆಯಬೇಡ.

ಅರ್ಧ ಗಂಟೆಯಲ್ಲಿ ಗಂಡನಿಗೆ ಎರಡು ಮೀನು ಸಿಕ್ಕವು, ಶಿಳ್ಳೆಗೆ ಒಂದೂ ಇಲ್ಲ.

'ಅದೇ ಸಿಗಡಿ, ಅದೇ ನೀರು' ಎಂದ ಶಿಳ್ಳೆ. 'ನಿನ್ನದು ಮಾತ್ರ ಜೀವ ಇರೋ ಹಾಗೆ ನಡುಗುತ್ತೆ ಗುರೂ. ದಾರ ನೋಡಿದ್ರೇ ಗೊತ್ತಾಗುತ್ತೆ. ಹೆಂಗೆ ಮಾಡ್ತೀಯ ಅದನ್ನ?'

'ಅಭ್ಯಾಸ.'

'ನಾನು ಅಲ್ಲಾಡಿಸಿದ್ರೆ ಸಿಗಡಿಗೆ ಫಿಟ್ಸ್ ಬಂದ ಹಾಗಿರುತ್ತೆ.'

ಗಂಡ ನಕ್ಕ. ನಿಜವಾಗಿಯೇ ನಕ್ಕ, ಹೊಗಳಿಸಿಕೊಂಡವನ ನಗು. ಅದನ್ನು ನೋಡಲಾರದೆ ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು. ಐದು ತಿಂಗಳಿಂದ ಅವನು ಯಾವುದಕ್ಕೆ ಹೆದರಿ ರಾತ್ರಿ ಕೈಯನ್ನು ದಿಂಬಿನಡಿ ಅದುಮುತ್ತಿದ್ದನೋ ಅದೇ ಇಲ್ಲಿ ವಿದ್ಯೆಯಾಗಿಬಿಟ್ಟಿತ್ತು. ಒಂದು ಕ್ಷಣ ಅವಳಿಗೆ ಎಲ್ಲ ಸರಿಹೋಗಬಹುದು ಎಂದೂ ಅನ್ನಿಸಿತು. ಆಗಲೇ ಶಿಳ್ಳೆ ಕೋಲು ಕೆಳಗಿಟ್ಟು, 'ಈಗ ತೋರಿಸು' ಎಂದ. ಗಂಡ ಎದ್ದು, 'ಆ ಮೂಲೆಯಲ್ಲಿ ಮೀನು ಎದ್ದಿತು ನೋಡು. ಒಂದ್ಸಲ ಹಾಕಿ ಬರ್ತೀನಿ' ಎಂದು ತನ್ನ ಕೋಲು ತೆಗೆದುಕೊಂಡು ಬಂಡೆಯ ಆ ತುದಿಗೆ ನಡೆದ. ಅಲ್ಲಿ ಮೀನು ಎದ್ದಿರಲಿಲ್ಲ. ಅವನು ನಡೆಯುವ ರೀತಿಯಿಂದ ಅದು ಗೊತ್ತಾಗುತ್ತಿತ್ತು. ಶಾಲೆಯಲ್ಲಿ ಉತ್ತರ ಬಾರದ ಹುಡುಗರು ನೀರು ಕುಡಿಯಲು ಹೊರಗೆ ಹೋಗುವಾಗ ಹಾಗೆ ನಡೆಯುತ್ತಾರೆ.

ಶಿಳ್ಳೆ ಡಬ್ಬಿಯಿಂದ ಒಂದು ಸಿಗಡಿ ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಗಾಳದ ಕಣ್ಣಿಗೆ ಬಿಗಿದ ಗಂಟನ್ನು ನೋಡಿದ. ಉಗುರಿನಿಂದ ಸುತ್ತುಗಳನ್ನು ಸವರಿದ. ಇನ್ನೊಂದು ಎತ್ತಿ ಅದನ್ನೂ ನೋಡಿದ. ಮೂರನೆಯದನ್ನೂ.

'ತಂಗೀ, ಒಂದು ಮಾತು ಕೇಳ್ತೀನಿ. ತಪ್ಪು ತಿಳ್ಕೋಬೇಡ.'

'ಕೇಳಿ ಅಣ್ಣ.'

'ಇಪ್ಪತ್ತಾರು ವರ್ಷ ಹಗ್ಗ, ತಂತಿ, ಸರಪಳಿ ನೋಡಿ ನೋಡಿ ನನಗೊಂದು ಚಾಳಿ. ಹಗ್ಗ ನೋಡಿದ ಕೂಡಲೇ ಹುರಿ ಯಾವ ಕಡೆಗಿದೆ ಅಂತ ನೋಡ್ತೀನಿ. ಬಲಗೈಯವನು ಕಟ್ಟಿದ್ರೆ ಸುತ್ತು ಹೀಗೆ ಹೋಗುತ್ತೆ.' ಗಾಳಿಯಲ್ಲಿ ಬೆರಳು ತಿರುಗಿಸಿದ. 'ಇವೆಲ್ಲ ಹೀಗಿದಾವೆ. ಮೂರಕ್ಕೆ ಮೂರೂ ಎಡ ಸುತ್ತು.'

ಬಾಟಲಿಯ ಮುಚ್ಚಳ ಅವಳ ಎಡಗೈಯಲ್ಲಿತ್ತು. ಬಲಗೈಗೆ ಬದಲಾಯಿಸಿದಳು, ಬದಲಾಯಿಸಿದ್ದನ್ನು ಅವನು ನೋಡಿದ, ಅವನು ನೋಡಿದ್ದನ್ನು ಅವಳು ನೋಡಿದಳು.

'ಮೊನ್ನೆ ತೊಲೆ ಇಳಿಸೋವಾಗ ಒಂದು ಮೊಳ ಕುಣೀತು' ಎಂದ ಶಿಳ್ಳೆ, ಈಗ ದನಿ ತಗ್ಗಿಸಿ. 'ನಾನು ಶಿಳ್ಳೆ ಹಾಕಿ ನಿಲ್ಲಿಸಿದೆ. ಆಮೇಲೆ ಕೇಳಿದ್ರೆ ಗಾಳಿ ಅಂದ. ಗಾಳಿ ಇರಲಿಲ್ಲಮ್ಮ. ನಾನು ಯಾರಿಗೂ ಹೇಳಲಿಲ್ಲ. ನಾಳೆ ಹದಿನಾಲ್ಕು ಟನ್ನಿನದು ಇದೆ, ವರ್ಷಕ್ಕೊಂದು ಸಲ ಬರೋವಂಥದ್ದು. ಎರಡು ದಿನದಿಂದ ರಜೆ ಹಾಕೋಣ ಅಂತಿದ್ದೆ. ಮನೆಯವಳ ಕಣ್ಣು ತೋರಿಸೋದಿದೆ ಅಂತ ನೆಪವೂ ಇದೆ. ನಾನು ಹಾಕಿದ್ರೆ ಬೇರೆ ಯಾರನ್ನೋ ನಿಲ್ಲಿಸ್ತಾರೆ, ಅದೂ ಸರಿಯಲ್ಲ. ನೀನೇ ಹೇಳು. ಅವನ ಕೈ ಚೆನ್ನಾಗಿದೆ ತಾನೇ?'

ಕೇಳಿದ್ದು ಇಷ್ಟೇ. ಒಂದು ವಾಕ್ಯದ ಉತ್ತರ ಸಾಕಿತ್ತು. ಕರಡಿನಲ್ಲಿ ಅವಳು ಇಂಥ ವಾಕ್ಯವನ್ನು ದಿನವೂ ನೇರ ಮಾಡುತ್ತಾಳೆ, ಮುಚ್ಚಿಟ್ಟದ್ದನ್ನು ಹೊರಗೆಳೆಯುತ್ತಾಳೆ, 'ಓದುವವರಿಗೆ ಸ್ಪಷ್ಟವಿಲ್ಲ' ಎಂದು ಅಂಚಿನಲ್ಲಿ ಬರೆಯುತ್ತಾಳೆ. ಬಂಡೆಯ ಆ ತುದಿಯಲ್ಲಿ ಗಂಡ ಬೆನ್ನು ಮಾಡಿ ನಿಂತಿದ್ದ, ಬಲಗೈಯನ್ನು ಎಡ ಕಂಕುಳಲ್ಲಿ ಸಿಕ್ಕಿಸಿಕೊಂಡು. ಇಷ್ಟು ದೂರದಿಂದ ಅವನು ಚಿಕ್ಕವನಾಗಿ ಕಾಣುತ್ತಿದ್ದ. ನಾನು ಕೆಳಗೆ ನಿಂತಿದ್ದನ್ನು ಅಲ್ಲಿ ಯಾರೂ ನೋಡಿಯೇ ಇಲ್ಲ, ಎಂದಿದ್ದ.

'ಗಂಟು ನಂದೇ ಅಣ್ಣ' ಎಂದಳು. ದನಿ ಸಲೀಸಾಗಿ ಬಂತು, ಸಿಗಡಿಯ ಮೈಯೊಳಗೆ ಗಾಳ ಹೋಗುವ ಹಾಗೆ, ಒತ್ತಬೇಕಾಗಲಿಲ್ಲ. 'ದಿನವಿಡೀ ಕರಡು ನೋಡಿ ಕಣ್ಣು ದಣಿದಿರುತ್ತೆ. ಇದನ್ನ ಕಟ್ತಾ ಕೂತ್ರೆ ಮನಸ್ಸಿಗೆ ಹಾಯ್ ಅನ್ಸುತ್ತೆ. ನಾನೇ ಕೇಳಿ ಇಸ್ಕೊಂಡೆ. ಹೆಂಡತಿ ಕಟ್ಟಿದ್ದು ಅಂತ ಹೊರಗೆ ಹೇಳೋಕೆ ಅವರಿಗೆ ನಾಚಿಕೆ.'

ಶಿಳ್ಳೆ ಅವಳನ್ನೇ ನೋಡಿದ. ಆಮೇಲೆ ಅವನ ಇಡೀ ಮುಖ ಸಡಿಲಾಯಿತು, ಕಣ್ಣಿನ ಸುತ್ತ ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ನಂಬಲು ಅವನು ಎಷ್ಟು ಕಾದಿದ್ದನೆಂದು ಅವಳಿಗೆ ಆಗ ತಿಳಿಯಿತು.

'ಅಷ್ಟೇನಾ' ಎಂದ. 'ಅಷ್ಟೇನಾ ತಾಯಿ. ನಾನು ಏನೇನೋ ಅಂದ್ಕೊಂಡು, ಎರಡು ರಾತ್ರಿ ನಿದ್ದೆ ಇಲ್ಲ. ಹೆಂಡತಿ ಕೈಲಿ ಕಟ್ಟಿಸ್ಕೊಂಡು ನನ್ನ ಮುಂದೆ ಮೀಸೆ ತಿರುವ್ತಾನೆ ಕಳ್ಳ. ಬಿಡು, ನಾನು ಅವನಿಗೆ ಗೊತ್ತಿರೋ ಹಾಗೆ ತೋರಿಸ್ಕೊಳ್ಳಲ್ಲ. ವಿದ್ಯೆ ಕಲಿಸು ಅಂತಲೂ ಕೇಳಲ್ಲ. ಪಾಪ.' ಎದ್ದು ಮೈಮುರಿದ. 'ಟೀ ವ್ಯಾನಲ್ಲೇ ಉಳೀತು. ತರ್ತೀನಿ.'

ಅವನು ಶಿಳ್ಳೆ ಹಾಕುತ್ತಲೇ ಇಳಿಜಾರಿನಲ್ಲಿ ಮರೆಯಾದ. ಅವಳು ಎದ್ದು ಗಂಡನ ಕಡೆ ನಡೆದಳು. ಏನು ಹೇಳಬೇಕೆಂದು ಸ್ಪಷ್ಟವಿರಲಿಲ್ಲ. ಶಿಳ್ಳೆಗೆ ಗೊತ್ತಾಗಿದೆ ಎಂದೋ, ಗೊತ್ತಾಗಿಲ್ಲ ಎಂದೋ. ನಾಳೆ ನೀವೇ ರಜೆ ಹಾಕಿ ಎಂದೋ. ಮೂರೂ ವಾಕ್ಯಗಳನ್ನು ನಾಲಗೆಯ ಮೇಲೆ ತಿರುಗಿಸಿ ನೋಡುತ್ತ ಅವನ ಬೆನ್ನಿಗೆ ಎರಡು ಮಾರು ದೂರದಲ್ಲಿದ್ದಾಗ ಅವನು ಗಾಳ ಎಸೆಯಲು ಕೋಲನ್ನು ಹಿಂದಕ್ಕೆ ಬೀಸಿದ. ಎಷ್ಟು ವರ್ಷಗಳಿಂದ ನೋಡಿದ ಬೀಸು. ತಲೆಯ ಮೇಲೆ ನೇರವಾಗಿ ಹೋಗಿ ನೇರವಾಗಿ ಬರುವಂಥದ್ದು, ಯಾರೂ ಹಿಂದೆ ನಿಲ್ಲಲು ಹೆದರದಂಥದ್ದು. ಈ ಸಲ ಅದು ಮೇಲೆ ಹೋಗಿ, ಅಲ್ಲಿ, ಯಾರೋ ಮೊಣಕೈಗೆ ತಟ್ಟಿದ ಹಾಗೆ ಪಕ್ಕಕ್ಕೆ ಜಾರಿತು.

ಕಿವಿಯ ಕೆಳಗೆ ತಣ್ಣಗೆ ಏನೋ ಮುತ್ತಿಟ್ಟ ಹಾಗಾಯಿತು. ನೋವು ಆಮೇಲೆ ಬಂತು, ಅವನು ಕೋಲನ್ನು ಮುಂದಕ್ಕೆ ಎಳೆದಾಗ. ಮೊನೆ ಇನ್ನಷ್ಟು ಒಳಗೆ ಇಳಿಯಿತು. ಅವಳ ಎಡಗೈ ತಾನೇ ಹಾರಿ ದಾರವನ್ನು ಹಿಡಿಯಿತು.

ಅವನು ತಿರುಗಲಿಲ್ಲ. ಬಲಗೈ ಮತ್ತೆ ಕಂಕುಳಿಗೆ ಹೋಗಿತ್ತು. ಭುಜ ಕಿವಿಯವರೆಗೆ ಏರಿತ್ತು. 'ಗಿಡಕ್ಕೆ ಸಿಕ್ಕಿತಾ?' ಎಂದ, ನೀರನ್ನೇ ನೋಡುತ್ತ.

ಸುತ್ತ ಬಂಡೆ. ಬಿಳಿ, ಬೋಳು, ಬಿಸಿಲು ಏರುತ್ತಿದ್ದ ಬಂಡೆ.

'ಹೌದು' ಎಂದಳು. 'ಎಳೀಬೇಡಿ. ನಾನು ಬಿಡಿಸ್ತೀನಿ.'

ಹೆಗಲ ಚೀಲದಲ್ಲಿದ್ದ ಕತ್ತರಿಯಿಂದ ದಾರ ಕತ್ತರಿಸಿದಳು. 'ಹರೀತು' ಎಂದಳು. 'ಹೋಗಲಿ ಬಿಡು' ಎಂದ ಅವನು. ಬೆರಳಿನಿಂದ ತಡವಿದರೆ ಕಿವಿಯ ಕೆಳಗೆ ಸಿಗಡಿ ನೇತಾಡುತ್ತಿತ್ತು. ಮೆತ್ತಗೆ, ಎಣ್ಣೆಯಾಗಿ, ಅವಳ ಮೈಯ ಬಿಸಿಗೆ ಆಗಲೇ ಬೆಚ್ಚಗಾಗಿ. ಬೆಳಿಗ್ಗೆ ಎಷ್ಟು ನೇರವಾಗಿ ಸಿಕ್ಕಿಸಿದ್ದಳೆಂದರೆ ಕಿತ್ತರೂ ಬರಲಿಲ್ಲ, ಹರಿದು ಹರಿದು ತೆಗೆಯಬೇಕಾಯಿತು. ಚೂರುಗಳನ್ನು ಜೇಬಿಗೆ ಹಾಕಿಕೊಂಡಳು. ಗಾಳ ಹಾಗೇ ಉಳಿಯಿತು. ಮೊನೆಯ ಹಿಂದಿನ ಮುಳ್ಳು ಮಾಂಸದೊಳಗೆ, ಸೀಸದ ಗುಂಡು ಹೊರಗೆ, ಸಣ್ಣದೊಂದು ಓಲೆಯ ಹಾಗೆ. ಕೂದಲು ಬಿಚ್ಚಿ ಆ ಕಡೆಗೆ ಇಳಿಬಿಟ್ಟುಕೊಂಡಳು.

ಟೀ ತಂದ ಶಿಳ್ಳೆ, 'ಏನು ತಂಗಿ, ಕೂದಲು ಬಿಚ್ಚಿಕೊಂಡು ನಿಂತಿದೀಯ' ಎಂದ.

'ಗಾಳಿ, ಅಣ್ಣ. ಕ್ಲಿಪ್ ಹಾರಿಹೋಯ್ತು.'

'ಗಾಳಿ ಎಲ್ಲಿದೆ?'

ಲೋಟಗಳಿಂದ ಹಬೆ ನೆಟ್ಟಗೆ ಮೇಲೇರುತ್ತಿತ್ತು. ಮೂವರೂ ಅದನ್ನು ನೋಡಿದರು. 'ಆ ತುದಿಯಲ್ಲಿ ಇದೆಯಪ್ಪ' ಎಂದ ಗಂಡ. ಶಿಳ್ಳೆ ಅವನತ್ತ ನೋಡಿದ, ಅವಳತ್ತ ನೋಡಿದ, ಅವಳು ನಕ್ಕಳು. ಅಷ್ಟು ಸಾಕಾಯಿತು. ಅವನೂ ನಕ್ಕ. 'ಇರಬಹುದು' ಎಂದ. ನಂಬಿಕೆಯನ್ನು ಈಗತಾನೇ ಮರಳಿ ಪಡೆದವನು ಅದನ್ನು ಮತ್ತೆ ಇಷ್ಟು ಬೇಗ ಕೈಬಿಡಲಾರ.

ಹಿಂದಿರುಗುವ ದಾರಿ ಉದ್ದಕ್ಕೂ ಶಿಳ್ಳೆ ಮಾತಾಡಿದ. ಹೆಂಡತಿಗೆ ಕಣ್ಣು ಮಂಜಾಗಿ ಪಕ್ಕದ ಮನೆಯವರ ಬೆಕ್ಕಿಗೆ ಹಾಲು ಹಾಕಿ ತನ್ನದನ್ನು ಹೊರಗೆ ಓಡಿಸಿದ ಕಥೆ ಹೇಳಿದ. ಗಂಡ ನಗುತ್ತಿದ್ದ. ವ್ಯಾನು ಗುಂಡಿಗೆ ಇಳಿದಾಗಲೆಲ್ಲ ಸೀಸದ ಗುಂಡು ಅವಳ ಕತ್ತಿಗೆ ತಟ್ಟುತ್ತಿತ್ತು. ಒಂದು ಹನಿ ಬೆನ್ನಿನುದ್ದಕ್ಕೆ ಇಳಿಯುತ್ತಿತ್ತು, ಬೆವರೋ ರಕ್ತವೋ ತಿಳಿಯದು. ಸೀಟಿಗೆ ಒರಗದೆ ನೆಟ್ಟಗೆ ಕೂತಿದ್ದಳು. ಮುಂದುಗಡೆ ಮತ್ತೆ ಆ ಕತ್ತು, ಆ ಎರಡು ಮಡಿಕೆ, ಆ ನಾಲ್ಕಾರು ಬಿಳಿಗೂದಲು. ಕೈ ಚಾಚಿದರೆ ಮುಟ್ಟಬಹುದಿತ್ತು.

ಮನೆಯ ಮುಂದೆ ಗಂಡ ಕೋಲುಗಳನ್ನು ಎತ್ತಿಕೊಂಡು ಒಳಗೆ ಹೋದ. ಶಿಳ್ಳೆ ಕಿಟಕಿಯಿಂದ ತಲೆ ಹೊರಹಾಕಿ, 'ರಜೆ ಹಾಕಲ್ಲ ತಂಗಿ ನಾನು. ನೀನು ಹೇಳಿದ ಮೇಲೆ ಮುಗೀತು. ಇವತ್ತು ನಿದ್ದೆ ಮಾಡ್ತೀನಿ' ಎಂದ.

'ಅಣ್ಣಾ.'

'ಏನಮ್ಮ?'

ರಜೆ ಹಾಕಿ, ಎನ್ನಬೇಕಿತ್ತು. ಕಾರಣ ಕೂಡ ಬೇಕಿರಲಿಲ್ಲ; ಅತ್ತಿಗೆಯ ಕಣ್ಣು ತೋರಿಸಿ ಮೊದಲು, ಎಂದರೆ ಸಾಕಿತ್ತು. ಆದರೆ ರಜೆ ಹಾಕಿ ಎಂದ ಕೂಡಲೇ ಅವನಿಗೆ ಎಲ್ಲವೂ ಗೊತ್ತಾಗುತ್ತದೆ. ಅವನ ಜಾಗದಲ್ಲಿ ಇನ್ನೊಬ್ಬ ನಿಲ್ಲುತ್ತಾನೆಂದೂ ಅವನೇ ಹೇಳಿದ್ದ, ಮತ್ತು ಅದು ಗೊತ್ತಿದ್ದೂ ಮನೆಯಲ್ಲಿ ಕೂರುವ ಮನುಷ್ಯ ಅವನಲ್ಲ. ಕಚೇರಿಗೆ ಹೋಗುತ್ತಾನೆ. ಸಂಕಟಪಡುತ್ತ ಹೇಳುತ್ತಾನೆ. ಗಾಜಿನ ಗೂಡಿನಿಂದ ಒಬ್ಬರು ಕಬ್ಬಿಣದ ಏಣಿ ಇಳಿದು ಬರುತ್ತಾರೆ, ಎಲ್ಲರೂ ಕೆಳಗೆ ನಿಂತು ನೋಡುತ್ತಿರುವಾಗ.

'ನಿಧಾನಕ್ಕೆ ಹೋಗಿ' ಎಂದಳು.

'ಈ ವ್ಯಾನು ಬೇರೆ ಥರ ಹೋಗೋದಾದ್ರೆ ತಾನೇ' ಎಂದು ನಗುತ್ತ ಅವನು ಹೋದ.

ಬಚ್ಚಲಿನ ಚಿಲಕ ಹಾಕಿ, ನಲ್ಲಿ ಬಿಟ್ಟು, ಕನ್ನಡಿಯ ಮುಂದೆ ನಿಂತಳು. ಮುಳ್ಳಿರುವ ಗಾಳ ಹಿಂದಕ್ಕೆ ಬರುವುದಿಲ್ಲ. ಹಿಂದಕ್ಕೆ ಎಳೆದಷ್ಟೂ ಹರಿಯುತ್ತದೆ. ಮುಂದಕ್ಕೇ ತಳ್ಳಬೇಕು, ಮೊನೆ ಇನ್ನೊಂದು ಕಡೆ ಚರ್ಮ ತೂರಿ ಹೊರಬರುವವರೆಗೆ, ಆಮೇಲೆ ಮುಳ್ಳನ್ನು ಇಕ್ಕಳದಿಂದ ಕತ್ತರಿಸಿ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಬೇಕು. ಇದನ್ನೂ ಹೇಳಿಕೊಟ್ಟವನು ಅವನೇ. ಚರ್ಮವನ್ನು ಬಲಗೈಯಲ್ಲಿ ಚಿವುಟಿ ಹಿಡಿದು ಎಡಗೈಯಲ್ಲಿ ತಳ್ಳಿದಳು. ಕನ್ನಡಿಯಲ್ಲಿ ಆ ಕೈ ಎಳ್ಳಷ್ಟೂ ಅಲುಗಲಿಲ್ಲ. ಅದರ ನಿಶ್ಚಲತೆ ಅವಳಿಗೇ ಅಸಹ್ಯವಾಯಿತು. ಯಾರಿಗೆ ಹೇಳಬಹುದು ಎಂದು ಅಷ್ಟರಲ್ಲೂ ಮನಸ್ಸು ಎಣಿಸುತ್ತಿತ್ತು. ಕಾರ್ಖಾನೆಯ ವೈದ್ಯರಿಗೆ, ಹೆಸರು ಹಾಕದ ಒಂದು ಪತ್ರ. ಶಿಳ್ಳೆಯ ಹೆಂಡತಿಗೆ, ಒಂದು ಫೋನು. ತನ್ನ ಅಕ್ಕನಿಗಾದರೂ. ಪ್ರತಿಯೊಂದಕ್ಕೂ ವಾಕ್ಯ ತಾನಾಗಿ ತಯಾರಾಗುತ್ತಿತ್ತು, ಹೆಚ್ಚಿಲ್ಲದ, ಕಡಿಮೆಯಿಲ್ಲದ, ತಿದ್ದಲು ಏನೂ ಉಳಿಯದ ವಾಕ್ಯ. ಮೊನೆ ಹೊರಬಂತು. ಇಕ್ಕಳ ಕಟ್ ಎಂದಿತು.

ಹೊರಗೆ ಬಂದಾಗ ಗಂಡ ಮಂಚದ ತುದಿಯಲ್ಲಿ ಕೂತಿದ್ದ. ಅವಳ ಕತ್ತಿನ ಬಿಳಿ ಪಟ್ಟಿಯನ್ನು ನೋಡಿದ.

'ಏನದು?'

'ಗಿಡ ಗೀರಿತು.'

ಅವನ ಕಣ್ಣು ಪಟ್ಟಿಯ ಮೇಲಿತ್ತು, ಆಮೇಲೆ ಅವಳ ಜೇಬಿನ ಮೇಲಿತ್ತು. ಅಲ್ಲಿ ಬಟ್ಟೆಗೆ ಎಣ್ಣೆಯ ಕಲೆ ಹರಡಿತ್ತು. ಕೋಣೆಯಲ್ಲಿ ಸೋಂಪಿನ ವಾಸನೆ. ಅವನ ತುಟಿ ಒಮ್ಮೆ ಅಲುಗಿತು. ಈಗ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಹೇಳಿದರೆ ತಾನೂ ಹೇಳುತ್ತಿದ್ದಳು, ಇಬ್ಬರೂ ಈಗಲೇ ಶಿಳ್ಳೆಯ ಮನೆಗೆ ನಡೆದುಹೋಗುತ್ತಿದ್ದರು, ಖಂಡಿತ ಹೋಗುತ್ತಿದ್ದರು.

'ಹೌದು' ಎಂದ ಅವನು. 'ಅಲ್ಲೊಂದು ಗಿಡ ಇತ್ತಲ್ಲ.'

'ಇತ್ತು' ಎಂದಳು.

'ಐದೂವರೆಗೆ ಎಬ್ಬಿಸು. ನಾಳೆ ಬೇಗ ಹೋಗ್ಬೇಕು.'

ಅವಳು ಗಡಿಯಾರ ಎತ್ತಿಕೊಂಡು ಅಲಾರಂ ಮುಳ್ಳನ್ನು ಐದೂವರೆಗೆ ತಿರುಗಿಸಿದಳು, ಕೀಲಿ ಕೊಟ್ಟಳು, ಕಿವಿಗೆ ಹಿಡಿದು ನಡೆಯುತ್ತಿದೆಯೇ ಎಂದು ನೋಡಿದಳು. ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದ್ದು ಆಗ. ವೈದ್ಯರಿಗಲ್ಲ, ಅಕ್ಕನಿಗಲ್ಲ, ನಾಳೆ ಏನೇ ಆದರೂ, ಆದ ಮೇಲೂ ಅಲ್ಲ.